ಗೋಡೆ ಪಕ್ಕದ ಪಂಕ್ತಿ

ನಮ್ಮ ದೊಡ್ಡಪ್ಪ ಶಿವರುದ್ರಪ್ಪನವರಿಗೆ ಈಗ ಎಪ್ಪತ್ತಾರು ವರ್ಷ. ಮೈಸೂರಿನ ಯಾವ ಛತ್ರದ ಹೆಸರು ಹೇಳಿದರೂ ಅದರ ಊಟದ ಹಾಲ್‌ನಲ್ಲಿ ಒಂದು ಸಲಕ್ಕೆ ಎಷ್ಟು ಎಲೆ ಹಾಕಬಹುದು, ಕೈ ತೊಳೆಯುವ ನಲ್ಲಿ ಎಷ್ಟಿವೆ, ಅಡುಗೆಮನೆಯಿಂದ ಸಾರು ತರುವ ದಾರಿಯಲ್ಲಿ ಕಾಲು ಎಲ್ಲಿ ಜಾರುತ್ತದೆ ಎಂದು ಥಟ್ಟನೆ ಹೇಳಬಲ್ಲರು. ಧಾರೆ ಮಂಟಪ ಯಾವ ದಿಕ್ಕಿಗಿದೆ ಎಂದು ಕೇಳಿದರೆ ಮಾತ್ರ ಸ್ವಲ್ಪ ಯೋಚಿಸಬೇಕು. ಅಕ್ಷತೆ ಹಾಕುವ ಹೊತ್ತು ಬಿಟ್ಟರೆ ಅವರು ಆ ಕಡೆ ತಲೆ ಹಾಕಿದವರೇ ಅಲ್ಲ.

ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಅವರು ಮೂವತ್ತೆರಡು ವರ್ಷ ದುಡಿದರು. ಅಲ್ಲಿ ಊಟದ ಸೈರನ್ ಕೂಗಿದ ಮೇಲೆ ಅರ್ಧ ಗಂಟೆ ಬಿಡುವು. ಅಷ್ಟರಲ್ಲಿ ನಾನೂರು ಜನ ಉಂಡು, ತಟ್ಟೆ ತೊಳೆದು, ಮತ್ತೆ ಯಂತ್ರದ ಮುಂದೆ ನಿಲ್ಲಬೇಕು. ಕ್ಯಾಂಟೀನ್ ಸಮಿತಿಯಲ್ಲಿದ್ದ ದೊಡ್ಡಪ್ಪ ಆ ವಿದ್ಯೆಯನ್ನು ಚೆನ್ನಾಗಿ ಕಲಿತರು, ಕಲಿತದ್ದನ್ನು ನೆಂಟರ ಮದುವೆಗಳಿಗೂ ತಂದರು. ಹೆಗಲ ಮೇಲೊಂದು ಟವೆಲ್ ಹಾಕಿಕೊಂಡು ಪಂಕ್ತಿಯ ತುದಿಯಲ್ಲಿ ನಿಂತರೆ ಮುಗಿಯಿತು. ಇಪ್ಪತ್ತೈದು ನಿಮಿಷಕ್ಕೆ ಒಂದು ಪಂಕ್ತಿ ಎದ್ದು ಇನ್ನೊಂದು ಕೂತಿರಬೇಕು. ಮಜ್ಜಿಗೆ ಬಡಿಸಿ ಎರಡು ನಿಮಿಷಕ್ಕೆ ಸರಿಯಾಗಿ ಗಡಿಯಾರ ನೋಡಿಕೊಂಡು, ದೊಡ್ಡ ದನಿಯಲ್ಲಿ, ‘ಎಲ್ಲಾರ್ದೂ ಆಯ್ತಲ್ಲ, ಏಳೋಣ್ವಾ’ ಎನ್ನುತ್ತಿದ್ದರು. ಪಂಕ್ತಿ ಎಂದರೆ ಗೊತ್ತಲ್ಲ, ಎಲ್ಲರೂ ಒಟ್ಟಿಗೆ ಕೈ ಹಾಕಬೇಕು, ಎಲ್ಲರೂ ಒಟ್ಟಿಗೆ ಏಳಬೇಕು. ಅವರು ಹಾಗೆಂದರೆ ಇಡೀ ಸಾಲು ಎಲೆ ಮಡಚಿ ಏಳುತ್ತಿತ್ತು. ನಮ್ಮ ನೆಂಟರಿಷ್ಟರಲ್ಲಿ ಮದುವೆ ಗೊತ್ತಾದರೆ ಮೊದಲು ಛತ್ರ ಹುಡುಕುತ್ತಿದ್ದರು, ಆಮೇಲೆ ದೊಡ್ಡಪ್ಪನನ್ನು.

ನಾನು ಸರ್ವಮಂಗಳಾ, ಅವರ ತಮ್ಮನ ಮಗಳು. ಒಂಟಿಕೊಪ್ಪಲಿನಲ್ಲಿ ನಮ್ಮ ಮನೆ. ಎರಡು ರಸ್ತೆ ಆಚೆ ದೊಡ್ಡಪ್ಪ, ಅವರ ಮಗ ಮಹಾಂತೇಶ್ ಮತ್ತು ಸೊಸೆ ಇದ್ದಾರೆ. ನನ್ನ ಬಾಯಿ ಸ್ವಲ್ಪ ಜೋರು ಎಂದು ಎರಡೂ ಮನೆಯವರು ಹೇಳುತ್ತಾರೆ. ಸುಳ್ಳೇನಲ್ಲ.

ಎರಡು ವರ್ಷದ ಹಿಂದೆ ದೊಡ್ಡಪ್ಪನ ಬಲಗೈ ನಡುಗಲು ಶುರುವಾಯಿತು. ನೆಂಟರೊಬ್ಬರ ಮದುವೆಯಲ್ಲಿ ಅವರು ಸಾರಿನ ಬಕೆಟ್ ಹಿಡಿದಾಗ ಸೌಟು ತುಳುಕಿ ಸಾರು ಯಾರದೋ ರೇಷ್ಮೆ ಸೀರೆಯ ಮೇಲೆ ಬಿತ್ತು. ಹುಡುಗರು ಓಡಿ ಬಂದು ಬಕೆಟ್ ಕಿತ್ತುಕೊಂಡರು. ‘ನೀವು ಕೂತ್ಕೊಳಿ ದೊಡ್ಡಪ್ಪ, ನಾವಿದೀವಲ್ಲ’ ಎಂದು ಭುಜ ಹಿಡಿದು ಕುರ್ಚಿಯಲ್ಲಿ ಕೂರಿಸಿದರು. ಆವತ್ತು ನಾನೂ ಅಲ್ಲಿದ್ದೆ. ಸದ್ಯ, ಇನ್ನು ಇವರು ಕೂತು ಊಟ ಮಾಡುತ್ತಾರೆ ಎಂದು ನೆಮ್ಮದಿಪಟ್ಟೆ. ನನ್ನ ಬುದ್ಧಿಗೆ ಅಷ್ಟೇ ಹೊಳೆದದ್ದು.

ಆಮೇಲೆ ಅವರು ಮದುವೆಗಳಲ್ಲಿ ಉಣ್ಣುವುದನ್ನೇ ಬಿಟ್ಟರು. ಹೋಗುತ್ತಿದ್ದರು, ಅಕ್ಷತೆ ಹಾಕುತ್ತಿದ್ದರು, ನಾಲ್ಕು ಜನರಿಗೆ ಕಾಣಿಸಿಕೊಂಡು ಊಟದ ಹೊತ್ತಿಗೆ ಮಾಯವಾಗುತ್ತಿದ್ದರು. ಮಂಡಿ ನೋವು ಎನ್ನುವರು, ಅಸಿಡಿಟಿ ಎನ್ನುವರು. ಕಡೆಗೆ ಅಕ್ಷತೆಗೂ ಹೋಗದೆ ಮಹಾಂತೇಶನನ್ನೇ ಕಳಿಸತೊಡಗಿದರು. ಬಕೆಟ್ ಕಿತ್ತುಕೊಂಡದ್ದಕ್ಕೆ ಕೋಪ ಎಂದು ನಾವೆಲ್ಲ ತೀರ್ಮಾನಿಸಿದೆವು. ವಯಸ್ಸಾದವರ ವಿಷಯದಲ್ಲಿ ತೀರ್ಮಾನ ಮಾಡುವುದು ಬಹಳ ಸುಲಭ, ಯಾರೂ ಅವರನ್ನು ಕೇಳಲು ಹೋಗುವುದಿಲ್ಲ.

ನನ್ನ ಮಗಳು ಲಾಸ್ಯಳ ಮದುವೆ ಫೆಬ್ರವರಿಗೆ ಗೊತ್ತಾದಾಗ ನಾನು ಕೇಳಲು ಹೋದೆ. ಊಟದ ಉಸ್ತುವಾರಿ ನೀವೇ ನೋಡಿಕೊಳ್ಳಬೇಕು, ಬಕೆಟ್ ಮುಟ್ಟಬೇಡಿ, ಬಾಯಲ್ಲಿ ಹೇಳಿ ಸಾಕು ಎಂದೆ. ದೊಡ್ಡಪ್ಪ ಒಪ್ಪಲಿಲ್ಲ.

‘ಬೆಳಗ್ಗೇನೇ ಬಂದು ಅಕ್ಷತೆ ಹಾಕ್ತೀನಿ ಕಣಮ್ಮ. ಊಟಕ್ಕೆ ಮಾತ್ರ ಬಲವಂತ ಮಾಡ್ಬೇಡ.’

‘ನನ್ನ ಮಗಳ ಮದುವೇಲೂ ಉಣ್ದೆ ಹೋಗ್ಬುಡ್ತೀರಾ? ನಾನು ಅಂಥದ್ದೇನು ಮಾಡಿದೀನಿ ದೊಡ್ಡಪ್ಪ?’

ಅವರು ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೆಳಗಿಟ್ಟರು. ಆಮೇಲೆ ಹೇಳಿದರು.

‘ಹಲ್ಲು ಕಟ್ಟಿಸ್ಕೊಂಡಿದೀನಲ್ಲ, ಒಂದು ಒಬ್ಬಟ್ಟು ಅಗಿಯೋಕೇ ಐದು ನಿಮಿಷ ಬೇಕು. ಕೈ ಬೇರೆ ನಡುಗುತ್ತೆ. ನಾನಿನ್ನೂ ಸಾರಲ್ಲಿರೋವಾಗ ಪಕ್ಕದೋರೆಲ್ಲ ಮಜ್ಜಿಗೆ ಕುಡ್ದು ಕೂತಿರ್ತಾರೆ. ಹಿಂದೆ ಒಬ್ರು ನನ್ನ ಕುರ್ಚಿ ಹಿಡ್ಕೊಂಡು ನಿಂತಿರ್ತಾರೆ. ಎಲ್ಲ ಎದ್ದ ಮೇಲೆ ನಾನೊಬ್ಬ ಹೆಂಗೆ ಕೂರ್ಲಿ? ಎಲೆ ಮಡಚಿ ಎದ್ದುಬುಡ್ತೀನಿ. ಮನೆಗೆ ಬಂದು ಸೊಸೆ ಹತ್ರ ಅನ್ನ ಮೊಸರು ಕೇಳ್ಬೇಕು. ಮದುವೆ ಊಟಕ್ಕೆ ಹೋದೋನು ಮನೇಲಿ ಬಂದು ಊಟ ಕೇಳೋದು ನಾಚಿಕೆ ಆಗುತ್ತೆ ಕಣಮ್ಮ.’

ನಮ್ಮ ಮದುವೆಮನೆಗಳಲ್ಲಿ ಒಂದು ಚೆಂದದ ಮಾತಿದೆ. ಮನೆಯವರು ಕೈಮುಗಿದುಕೊಂಡು ಪಂಕ್ತಿಯ ಉದ್ದಕ್ಕೂ ನಡೆದು, ‘ನಿಧಾನವಾಗಿ ಊಟ ಮಾಡಿ’ ಎಂದು ಉಪಚರಿಸುತ್ತಾರೆ. ಅದೇ ಹೊತ್ತಿಗೆ ಒಬ್ಬೊಬ್ಬರ ಬೆನ್ನ ಹಿಂದೂ ಮುಂದಿನ ಪಂಕ್ತಿಯವರು ವ್ಯಾನಿಟಿ ಬ್ಯಾಗು, ಮಗು, ಮೊಬೈಲು ಸಮೇತ ನಿಂತು ಎಲೆಯಲ್ಲಿ ಇನ್ನೆಷ್ಟು ಉಳಿದಿದೆ ಎಂದು ಬಗ್ಗಿ ನೋಡುತ್ತಿರುತ್ತಾರೆ. ನಾನೂ ಎಷ್ಟು ಸಲ ಹಾಗೆ ನಿಂತಿದ್ದೇನೋ ಲೆಕ್ಕವಿಲ್ಲ.

ದೊಡ್ಡಪ್ಪ ಅಷ್ಟಕ್ಕೇ ನಿಲ್ಲಿಸಲಿಲ್ಲ. ‘ಇದನ್ನೆಲ್ಲ ಕಲಿಸ್ದೋನು ನಾನೇ ತಾನೆ. ಈಗ ದಿನಾ ದೇವರಾಜು ನೆನಪಾಗ್ತಾನೆ’ ಎಂದರು.

ದೇವರಾಜು ದೊಡ್ಡಪ್ಪನ ಕಾರ್ಖಾನೆಯ ಗೆಳೆಯ. ಒಂದೇ ಶಿಫ್ಟ್, ಒಂದೇ ಬಸ್ಸು, ಪಕ್ಕಪಕ್ಕದ ಸೀಟು. ಒಂಬತ್ತು ವರ್ಷದ ಹಿಂದೆ ಮಹಾಂತೇಶನ ಮನೆಯ ಗೃಹಪ್ರವೇಶ ನಡೆದಾಗ ದೇವರಾಜು ಅವರಿಗೆ ಲಕ್ವ ಹೊಡೆದು ಆರು ತಿಂಗಳಾಗಿತ್ತು. ನಡೆಯುವುದು, ಮಾತು ಎಲ್ಲ ಸರಿಹೋಗಿತ್ತು, ಬಲಗೈ ಮಾತ್ರ ನಿಧಾನ. ಅವತ್ತು ಪಂಕ್ತಿಯ ತುದಿಯಲ್ಲಿ ನಿಂತು ದೊಡ್ಡಪ್ಪ ಎಂದಿನಂತೆ ‘ಏಳೋಣ್ವಾ’ ಅಂದರು. ದೇವರಾಜು ಅವರ ಎಲೆಯಲ್ಲಿ ಅನ್ನ ಹಾಗೇ ಇತ್ತು. ಅವರು ಎದ್ದರು. ಅದೇ ಕೊನೆ, ಮತ್ತೆ ಈ ಮನೆಯ ಯಾವ ಕಾರ್ಯಕ್ಕೂ ಬರಲಿಲ್ಲ. ಅವರ ಮಗಳಿಗೆ ದೊಡ್ಡ ಕೆಲಸ ಸಿಕ್ಕಿತ್ತು, ಜಂಬ ಬಂದಿದೆ ಎಂದು ದೊಡ್ಡಪ್ಪ ಅಂದುಕೊಂಡರು. ತಾವೂ ಬಿಗಿದುಕೊಂಡರು. ಆಮೇಲೆ ಮನೆಗೆ ಹೋಗಿ ಕರೆಯದೆ ಪತ್ರಿಕೆಯನ್ನು ಅಂಚೆಯಲ್ಲಿ ಹಾಕುತ್ತಿದ್ದರು.

‘ಎಲೇಲಿ ಅನ್ನ ಇದ್ದದ್ದನ್ನ ನೀವು ನೋಡಿದ್ರಾ?’ ಎಂದು ಕೇಳಿದೆ.

‘ನೋಡ್ದೆ ಕಣಮ್ಮ. ಬೇಡ್ವೇನೋ ಅಂದ್ಕೊಂಡೆ.’

ಮಾರನೆಯ ದಿನವೇ ಕುಂಕುಮ, ಅಕ್ಷತೆ, ಲಗ್ನಪತ್ರಿಕೆ ತೆಗೆದುಕೊಂಡು ಅವರನ್ನು ಆಟೋದಲ್ಲಿ ಕೂರಿಸಿಕೊಂಡು ವಿಜಯನಗರಕ್ಕೆ ಹೊರಟೆ. ಬರುವುದಿಲ್ಲ ಎಂದು ಒಂದು ಸಲವೂ ಅನ್ನಲಿಲ್ಲ. ದಾರಿಯುದ್ದಕ್ಕೂ ಷರಟಿನ ಗುಂಡಿಯನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಬಾಗಿಲು ತೆಗೆದವರು ದೇವರಾಜು ಅವರ ಹೆಂಡತಿ ವಸಂತಮ್ಮ. ಹಾಲ್‌ನಲ್ಲಿ ಪೇಪರ್ ಓದುತ್ತಿದ್ದ ದೇವರಾಜು ಕನ್ನಡಕ ತೆಗೆದು ನೋಡಿ, ‘ಬಾರಯ್ಯ ಶಿವರುದ್ರ. ಪೋಸ್ಟ್‌ನಲ್ಲಿ ಕಳ್ಸೋದು ಬುಟ್ಟು ನೀನೇ ಬಂದ್ಬುಟ್ಟೆ’ ಎಂದರು. ಮಾತಿನಲ್ಲಿ ಮುಳ್ಳಿತ್ತು, ಆದರೆ ಪಕ್ಕದ ಕುರ್ಚಿಯ ಮೇಲಿದ್ದ ಪೇಪರನ್ನೂ ತೆಗೆದರು.

ದೊಡ್ಡಪ್ಪ ಕೂತರು. ಸುತ್ತಿ ಬಳಸಿ ಮಾತಾಡುವ ಜಾಯಮಾನ ಅವರದಲ್ಲ.

‘ನಿಂಗೆ ಜಂಬ ಅಂದ್ಕೊಂಡಿದ್ದೆ ಕಣಯ್ಯ.’

‘ಜಂಬ ಪಡೋಕೆ ನಂಗೇನಿತ್ತು? ನೀನು ಆ ತುದೀಲಿ ವಾಚ್ ನೋಡ್ಕೊಂಡು ನಿಂತಿದ್ದೆ. ನಾನು ನಿನ್ನೇ ನೋಡ್ಕೊಂಡು ಉಣ್ತಿದ್ದೆ. ಅನ್ನ ಗಂಟಲಲ್ಲಿ ಇಳೀಬೇಕಲ್ಲ.’

‘ಒಂದು ಮಾತು ಹೇಳ್ಬೋದಿತ್ತಲ್ಲಯ್ಯ.’

‘ಏನಂತ ಹೇಳ್ಲಿ? ನಂಗೆ ಉಣ್ಣೋಕೆ ಬರಲ್ಲ, ಸ್ವಲ್ಪ ಕಾಯಿರಿ ಅಂತ ಹೇಳ್ಲಾ? ಮಗು ಹಂಗೆ?’

ದೊಡ್ಡಪ್ಪ ತಮ್ಮ ಬಲಗೈಯನ್ನು ಮುಂದೆ ಚಾಚಿ ತೋರಿಸಿದರು. ಅದು ಅದರ ಪಾಡಿಗೆ ನಡುಗುತ್ತಿತ್ತು. ‘ನಂದು ತಪ್ಪಾಯ್ತು ದೇವರಾಜು. ನನ್ನ ಕೈಗೆ ಬಂದ್ಮೇಲೇ ಗೊತ್ತಾಗಿದ್ದು’ ಎಂದರು. ದೇವರಾಜು ಕನ್ನಡಕ ಹಾಕಿಕೊಂಡು ಆ ಕೈಯನ್ನು ನೋಡಿದರು.

ಮಾತಾಡಿದವರು ವಸಂತಮ್ಮ. ‘ತಪ್ಪು ಗಿಪ್ಪು ಏನೂ ಬೇಡ ಅಣ್ಣ. ಮದುವೆಗೆ ಬರ್ತೀವಿ, ಮಗೂಗೆ ಅಕ್ಷತೆ ಹಾಕ್ತೀವಿ. ಊಟಕ್ಕೆ ಮಾತ್ರ ಇವ್ರನ್ನ ಕೂರಿಸ್ಬೇಡಿ. ಅವತ್ತು ಮನೆಗೆ ಬಂದು ಇವ್ರು ಎರಡು ದಿನ ಮಾತಾಡ್ಲಿಲ್ಲ. ಇನ್ನೊಂದು ಸಲ ಹಂಗಾದ್ರೆ ನನ್ನ ಕೈಲಿ ನೋಡೋಕಾಗಲ್ಲ. ಆಮೇಲೆ ಇವ್ರು ಗೇಟೂ ದಾಟಲ್ಲ.’

‘ಈ ಸಲ ಅರ್ಧದಲ್ಲಿ ಏಳ್ಬೇಕಾಗಲ್ಲಮ್ಮ. ಇವನ ಪಕ್ಕ ನಾನೇ ಕೂರ್ತೀನಿ. ಮಾತು ಕೊಡ್ತೀನಿ’ ಎಂದರು ದೊಡ್ಡಪ್ಪ.

ಆಟೋದಲ್ಲಿ ವಾಪಸು ಬರುವಾಗ ನಾನು ತರಾಟೆಗೆ ತೆಗೆದುಕೊಂಡೆ. ಎಂಟುನೂರು ಜನರ ಮದುವೆ, ಮಾತು ಕೊಟ್ಟುಬಿಟ್ಟಿರಲ್ಲ, ಹೇಗೆ ನಡೆಸಿಕೊಡುತ್ತೀರಿ ಎಂದೆ. ಅವರು ನನ್ನ ಕಡೆ ತಿರುಗಲೂ ಇಲ್ಲ. ‘ಛತ್ರಕ್ಕೆ ನಡಿ’ ಎಂದರು. ಎರಡು ವರ್ಷದಿಂದ ಕೇಳದಿದ್ದ ದನಿ ಅದು. ಒಳಗೊಳಗೇ ಖುಷಿಯಾಯಿತು.

ಛತ್ರದಲ್ಲಿ ಅಡುಗೆ ಕಂಟ್ರಾಕ್ಟರ್ ದಿಲೀಪ್ ಸಿಕ್ಕಿದರು. ದೊಡ್ಡಪ್ಪ ಊಟದ ಹಾಲ್ ಮಧ್ಯೆ ನಿಂತು ಒಂದು ಸುತ್ತು ಕಣ್ಣು ಹಾಯಿಸಿದರು. ಉದ್ದನೆಯ ಟೇಬಲ್ಲುಗಳು, ಒಂದು ಬದಿಗೆ ಕುರ್ಚಿ, ಇನ್ನೊಂದು ಬದಿಯಲ್ಲಿ ಬಡಿಸುವವರು ಓಡಾಡುವ ದಾರಿ. ಎಲ್ಲ ಛತ್ರಗಳಲ್ಲೂ ಇರುವುದು ಹೀಗೇ.

‘ಕಿಟಕಿ ಕಡೆ ಗೋಡೆಗೆ ಕುರ್ಚಿ ಬೆನ್ನು ತಾಗೋ ಹಂಗೆ ಒಂದು ಸಾಲು ಹಾಕ್ಸಿ. ಇಪ್ಪತ್ತು ಎಲೆ. ಹಿಂದೆ ಒಂದು ಗೇಣೂ ಜಾಗ ಇರಬಾರ್ದು’ ಎಂದರು.

‘ಅಲ್ಲಿ ನೀರಿನ ಕ್ಯಾನ್ ಇಡ್ತೀವಿ ಸರ್. ಅದೂ ಅಲ್ದೆ ಕುರ್ಚಿ ಹಿಂದೆ ಜಾಗ ಇಲ್ದಿದ್ರೆ ಜನ ಎಲ್ಲಿ ಕಾಯ್ತಾರೆ?’

‘ಅದಕ್ಕೇ ಕಣ್ರೀ ಹೇಳ್ತಿರೋದು. ಗೋಡೆ ಹಿಂದೆ ನಿಂತು ಯಾರು ಕಾಯ್ತಾರೆ? ಆ ಸಾಲಲ್ಲಿ ಎಲೆ ಮಡಚೋದು ಉಂಡವರ ಇಷ್ಟ. ನಿಮ್ಮ ಹುಡುಗ್ರು ತಾವಾಗಿ ಎತ್ತಬಾರ್ದು. ಏಳೋಣ್ವಾ ಅಂತ ಯಾರೂ ಕೇಳ್ಬಾರ್ದು.’

ನಾನು ತಲೆ ಹಾಕಿ, ‘ಹಿರಿಯರಿಗೆ ಮಾತ್ರ ಅಂತ ಒಂದು ಬೋರ್ಡ್ ಹಾಕ್ಸೋಣ’ ಎಂದೆ. ದೊಡ್ಡಪ್ಪ ನನ್ನನ್ನು ನೋಡಿದ ನೋಟಕ್ಕೆ ನಾನು ಎರಡು ಹೆಜ್ಜೆ ಹಿಂದೆ ಸರಿದೆ.

‘ಬೋರ್ಡ್ ಹಾಕಿದ್ರೆ ಮೊದಲು ಓಡಿ ಹೋಗೋನು ನಾನೇ. ಕೂಸಿಗೆ ಅನ್ನ ತಿನ್ನಿಸ್ತಾ ತಾನು ಉಣ್ಣೋ ತಾಯಂದಿರಿಲ್ವಾ, ಅವರಿಗೂ ಇದೇ ಕಷ್ಟ. ಅವರನ್ನೂ ಕೂರಿಸು. ಮಾತಾಡ್ಕೊಂಡು ಉಣ್ಣೋರನ್ನೂ ಕೂರಿಸು. ಮುದುಕ್ರನ್ನ ಒಂದು ಮೂಲೆಗೆ ಹಾಕಿದ ಹಂಗೆ ಆಗ್ಬಾರ್ದು.’

ಮದುವೆಯ ದಿನ ಮುಹೂರ್ತ ಮುಗಿದು ಊಟಕ್ಕೆ ಕರೆದಾಗ ನಾನು ಮೊದಲು ನೋಡಿದ್ದು ಗೋಡೆಯ ಪಕ್ಕದ ಸಾಲನ್ನು. ದೇವರಾಜು ದಂಪತಿ ಅಕ್ಷತೆ ಹಾಕಿ, ಲಾಸ್ಯಳನ್ನು ಹರಸಿ, ಬಾಗಿಲ ಕಡೆ ತಿರುಗಿದ್ದರು. ದೊಡ್ಡಪ್ಪ ಅಲ್ಲೇ ಕಾದಿದ್ದು, ಗೆಳೆಯನ ತೋಳು ಹಿಡಿದು ಕರೆತಂದು ಕೂರಿಸಿದರು. ಎಡಕ್ಕೆ ವಸಂತಮ್ಮ, ಬಲಕ್ಕೆ ತಾವು. ಆಚೆಗೆ ಒಂದು ಪುಟ್ಟ ಮಗುವಿನ ತಾಯಿ, ಮುಂದೆ ದೂರದ ನೆಂಟರು ನಾಲ್ಕು ಜನ, ಊರುಗೋಲು ಹಿಡಿದ ಇಬ್ಬರು. ಕೋಸಂಬರಿ, ಪಲ್ಯ, ಒಬ್ಬಟ್ಟು, ಮೇಲೆ ತುಪ್ಪ. ಇಬ್ಬರು ಗೆಳೆಯರೂ ತಲೆ ತಗ್ಗಿಸಿ ನಿಧಾನವಾಗಿ ಉಣ್ಣುತ್ತಿದ್ದರು. ಕಾರ್ಖಾನೆಯ ಬಸ್ಸಿನ ಡ್ರೈವರ್ ಒಬ್ಬನ ಸುದ್ದಿ ತೆಗೆದು ನಗುವುದೂ ಕೇಳಿಸಿತು. ನೋಡಿ ಸಮಾಧಾನಪಟ್ಟು ನಾನು ಬೀಗರ ಉಪಚಾರಕ್ಕೆ ಓಡಿದೆ.

ತೊಂದರೆ ಎರಡನೆಯ ಪಂಕ್ತಿಯ ಹೊತ್ತಿಗೆ ಶುರುವಾಯಿತು. ಬೇರೆ ಸಾಲುಗಳು ಎದ್ದು, ಎಲೆ ಬದಲಾಗಿ, ಮತ್ತೆ ತುಂಬಿದವು. ಗಂಡಿನ ಕಡೆಯ ಒಂದಿಪ್ಪತ್ತು ಜನರಿಗೆ ಜಾಗ ಸಿಗಲಿಲ್ಲ. ಗಂಡಿನ ಸೋದರಮಾವ ನನ್ನ ಗಂಡ ಅಮರೇಶ್ ಅವರನ್ನು ತಡೆದು, ಮೂರು ಗಂಟೆಗೆ ನಮ್ಮ ಬಸ್ಸು ಹೊರಡಬೇಕು, ಗೋಡೆ ಪಕ್ಕ ಅಷ್ಟು ಕುರ್ಚಿ ಖಾಲಿ ಇದ್ದರೂ ಯಾಕೆ ಕೂರಿಸುತ್ತಿಲ್ಲ ಎಂದು ಗದರಿದರು. ನಿಜಕ್ಕೂ ಆ ಸಾಲಿನಲ್ಲಿ ಬಹಳ ಜನ ಎದ್ದಿದ್ದರು, ಉಳಿದವರು ಏಳು ಮಂದಿ. ಮಧ್ಯೆ ಮಧ್ಯೆ ಕೂತಿದ್ದರಿಂದ ಹೊಸ ಎಲೆ ಹಾಕಿ ಹೊಸ ಪಂಕ್ತಿ ಶುರು ಮಾಡುವ ಹಾಗಿರಲಿಲ್ಲ.

ಅಮರೇಶ್ ನನ್ನ ಕಿವಿಯಲ್ಲಿ, ‘ಬೀಗರ ಮುಖ ನೋಡು. ದೊಡ್ಡಪ್ಪನಿಗೆ ಸ್ವಲ್ಪ ಬೇಗ ಮುಗಿಸೋಕೆ ಹೇಳು’ ಎಂದರು.

ನಾನು ಹೋದೆ. ಮುಚ್ಚಿಡುವುದೇಕೆ, ಹೆಣ್ಣು ಕೊಟ್ಟವಳ ಪುಕ್ಕಲುತನ, ನಾನೇ ಹೋದೆ. ಮುಖದಲ್ಲಿ ನಗು ಅಂಟಿಸಿಕೊಂಡು, ಕೈಮುಗಿದುಕೊಂಡು ಅವರ ಎದುರು ನಿಂತೆ. ಏನೂ ಹೇಳಿರಲಿಲ್ಲ. ದೇವರಾಜು ತಲೆಯೆತ್ತಿ ನೋಡಿದರು. ಅವರ ಎಲೆಯಲ್ಲಿ ಅನ್ನಕ್ಕೆ ಆಗ ತಾನೇ ಸಾರು ಬಿದ್ದಿತ್ತು. ನನ್ನ ಹಿಂದೆ ನಿಂತವರನ್ನೂ ಅವರು ನೋಡಿದರು. ಕಲಸುತ್ತಿದ್ದ ಕೈ ನಿಂತಿತು, ಎಡಗೈ ಎಲೆಯ ತುದಿಗೆ ಹೋಯಿತು. ವಸಂತಮ್ಮ ನನ್ನನ್ನು ನೋಡಿದರು. ಆ ನೋಟವನ್ನು ನಾನು ಮರೆಯುವುದಿಲ್ಲ.

ದೊಡ್ಡಪ್ಪ ನಡುಗುವ ಕೈಯನ್ನು ತಂದು ಗೆಳೆಯನ ಎಲೆಯ ತುದಿಯ ಮೇಲೆ ಊರಿದರು. ಮಡಚಲು ಬಿಡಲಿಲ್ಲ. ಬಾಯಲ್ಲಿದ್ದುದನ್ನು ನಿಧಾನವಾಗಿ ನುಂಗಿ ನನ್ನ ಕಡೆ ನೋಡಿದರು. ಕೋಪವಿರಲಿಲ್ಲ.

‘ಯಾಕ್ ಬಂದೆ ಅಂತ ಗೊತ್ತು ಮಂಗಳಾ. ಈ ಕೆಲ್ಸ ನಲವತ್ತು ವರ್ಷ ನಾನು ಮಾಡಿದೀನಿ. ನೀನು ಮಾಡ್ಬೇಡ ಕಣಮ್ಮ.’

ನನ್ನ ಕಣ್ಣು ತುಂಬಿ ಬಂತು. ನಾಚಿಕೆಯಿಂದ, ಬೇರೇನಿಂದಲೂ ಅಲ್ಲ. ಹತ್ತಿರ ನಿಂತಿದ್ದ ಹುಡುಗನ ಕೈಯಿಂದ ತುಪ್ಪದ ಪಾತ್ರೆ ಇಸಿದುಕೊಂಡು ದೇವರಾಜು ಅವರ ಅನ್ನದ ಮೇಲೆ ಹಾಕಿದೆ. ‘ಸಾರು ತಣ್ಣಗಾಗಿದ್ರೆ ಬಿಸಿ ತರಿಸ್ತೀನಿ. ಇನ್ನೂ ಬಜ್ಜಿ ಬರ್ಬೇಕು, ಪಾಯಸ ಬರ್ಬೇಕು’ ಎಂದೆ. ಆಮೇಲೆ ಗಂಡಿನ ಸೋದರಮಾವನ ಹತ್ತಿರ ಹೋದೆ. ನನ್ನ ಜೋರು ಬಾಯಿ ಅವತ್ತು ನನಗೇ ಉಪಯೋಗಕ್ಕೆ ಬಂತು.

‘ಆ ಕುರ್ಚಿ ಖಾಲಿ ಇಲ್ಲ ಅಣ್ಣ. ಅವರ ಊಟ ಇನ್ನೂ ನಡೀತಿದೆ. ಈ ಮನೇಲಿ ಉಣ್ತಿರೋರ್ನ ಎಬ್ಬಿಸೋದಿಲ್ಲ. ನಿಮ್ಮನ್ನೂ ಎಬ್ಬಿಸೋದಿಲ್ಲ. ಹದಿನೈದು ನಿಮಿಷ ಕೂತಿರಿ, ಪಾನಕ ಕಳಿಸ್ತೀನಿ.’

ಅವರ ಮುಖ ಊದಿತು. ಅಮರೇಶ್ ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. ಆದರೆ ಸೋದರಮಾವ ಗೋಡೆಯ ಕಡೆ ಇನ್ನೊಂದು ಸಲ ನೋಡಿದರು. ಇಬ್ಬರು ಮುದುಕರು, ಒಬ್ಬರ ಕೈ ನಡುಗುತ್ತದೆ, ಇನ್ನೊಬ್ಬರದು ಮೇಲೇಳುವುದೇ ನಿಧಾನ. ಅವರು ಹೋಗಿ ಕೂತು ಪಾನಕ ಕುಡಿದರು. ಅವರ ಬಸ್ಸು ಮೂರೂವರೆಗೆ ಹೊರಟಿತು. ಆಕಾಶವೇನೂ ಕಳಚಿ ಬೀಳಲಿಲ್ಲ.

ದೇವರಾಜು ಎಲ್ಲವನ್ನೂ ಉಂಡರು. ಬಜ್ಜಿ ಎರಡು ಸಲ ಹಾಕಿಸಿಕೊಂಡರು. ಮಜ್ಜಿಗೆ ಕುಡಿದು, ಎಲೆಯನ್ನು ಚೊಕ್ಕವಾಗಿ ಮಡಚಿ, ಇನ್ನೂ ಉಣ್ಣುತ್ತಿದ್ದ ಆ ತಾಯಿ ಮಗು ಮುಗಿಸುವವರೆಗೂ ಕಾದು ಎದ್ದರು. ಆ ಸಾಲಿನಲ್ಲಿ ಕೊನೆಗೆ ಎದ್ದವರು ಅವರು ಮತ್ತು ದೊಡ್ಡಪ್ಪ.

ಕೈ ತೊಳೆಯುವ ಕಡೆ ನಾನು ಟವೆಲ್ ಹಿಡಿದು ನಿಂತಿದ್ದೆ. ದೇವರಾಜು ಕೈ ಒರೆಸಿಕೊಳ್ಳುತ್ತಾ ಹೆಂಡತಿಯನ್ನು ಕೇಳಿದರು.

‘ನಮ್ಮ ಕಾರ್ಖಾನೆ ಹುಚ್ಚಣ್ಣನ ಮೊಮ್ಮಗಳ ಮದುವೆ ಪತ್ರಿಕೆ ಬಂದಿತ್ತಲ್ಲ, ಯಾವತ್ತಂತೆ ಅದು?’

ವಸಂತಮ್ಮ ತಬ್ಬಿಬ್ಬಾದರು. ‘ನೀವೆಲ್ಲಿ ಹೋಗ್ತೀರ ಅಂತ ರದ್ದಿಗೆ ಹಾಕ್ಬುಟ್ಟೆ ಕಣ್ರೀ. ಒಂಬತ್ತು ವರ್ಷದಿಂದ ಬಂದಿದ್ದನ್ನೆಲ್ಲ ರದ್ದಿಗೇ ಹಾಕ್ತಿದೀನಿ’ ಎಂದರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, ಅಲ್ಲೇ ನಲ್ಲಿಯ ಪಕ್ಕ ನಿಂತು, ಬ್ಯಾಗಿನಿಂದ ಫೋನ್ ತೆಗೆದು ಹುಚ್ಚಣ್ಣನ ಮನೆಗೆ ಮಾಡಿದರು.